ಮೂಗಿಗಿಂತ ಮೂಗುತಿ ಭಾರವಾಗದಿರಲಿ: ಹಳೆ ಕಾರು ಮತ್ತು ಅದರ ಇನ್ಶೂರೆನ್ಸ್

(ಮಹಿಳಾ ವಿಭಾಗದ ಮಾಸಿಕ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಳೆದ ತಿಂಗಳು ಇದೇ ವೇದಿಕೆಯಲ್ಲಿ ಹಬ್ಬದ ಅಡುಗೆಯ ಕಾರ್ಯಕ್ರಮ ಚೆನ್ನಾಗಿ ನಡೆಯಿತು. ಈ ತಿಂಗಳು ಕಾರಿನ ಇನ್ಶೂರೆನ್ಸ್ ಎಂದು ಹೇಳಿದ ಕೂಡಲೇ ಒಂದಿಬ್ಬರ ಮುಖ ಸಪ್ಪಗಾದದ್ದು ನನಗೆ ಇಲ್ಲಿಂದಲೇ ಕಂಡಿತು. ಅದೆಲ್ಲ ಯಜಮಾನರು ನೋಡಿಕೊಳ್ಳುತ್ತಾರೆ, ಇಲ್ಲವೇ ಮಗ ಮೊಬೈಲಿನಲ್ಲಿ ಕಟ್ಟುತ್ತಾನೆ ಎಂಬುದು ನಮ್ಮಲ್ಲಿ ಹೆಚ್ಚಿನವರ ಮಾತು. ಆದರೆ ಒಮ್ಮೆ ಮನೆಗೆ ಹೋಗಿ ನಿಮ್ಮ ಕಾರಿನ ಆರ್.ಸಿ. ತೆಗೆದು ನೋಡಿ. ಎಷ್ಟೋ ಮನೆಗಳಲ್ಲಿ ಕಾರು ಇರುವುದು ಹೆಂಡತಿಯ ಹೆಸರಿನಲ್ಲಿ. ಓಡಿಸುವವರು ಯಾರೇ ಇರಲಿ, ಅಪಘಾತವಾದರೆ ನೋಟಿಸು ಬರುವುದು ಮಾಲೀಕರ ಹೆಸರಿಗೆ. ಆದ್ದರಿಂದ ಇದು ನಮ್ಮ ವಿಷಯವೇ.

ನಾನು ಇಪ್ಪತ್ತೆಂಟು ವರ್ಷ ಮುಂಬಯಿಯ ಒಂದು ಸಾಮಾನ್ಯ ವಿಮಾ ಕಚೇರಿಯ ಮೋಟಾರ್ ವಿಭಾಗದಲ್ಲಿ ಕೆಲಸ ಮಾಡಿದವಳು. ನಿವೃತ್ತಿಯಾದ ಮೇಲೆ ಯಾವ ಮದುವೆಗೆ ಹೋದರೂ ಯಾರಾದರೊಬ್ಬರು ಪಕ್ಕಕ್ಕೆ ಕರೆದು, "ಕಾರು ಹನ್ನೆರಡು ವರ್ಷದ್ದು, ಮಾರಿದರೆ ಲಕ್ಷ ಬಂದರೆ ಹೆಚ್ಚು, ಇದಕ್ಕೆ ಹತ್ತು ಸಾವಿರ ಇನ್ಶೂರೆನ್ಸ್ ಕೇಳುತ್ತಾರಲ್ಲ, ಏನು ಮಾಡುವುದು?" ಎಂದು ಕೇಳುತ್ತಾರೆ. ಮೂಗಿಗಿಂತ ಮೂಗುತಿ ಭಾರ ಎನ್ನುವ ಹಾಗೆ. ಆ ಪ್ರಶ್ನೆಗೆ ಇವತ್ತು ಲೆಕ್ಕ ಸಮೇತ ಉತ್ತರ ಕೊಡುತ್ತೇನೆ.

ಮೊದಲು ತಿಳಿಯಬೇಕಾದದ್ದು, ನಾವು ಒಂದೇ ಕಾಗದ ಎಂದುಕೊಳ್ಳುವ ಪಾಲಿಸಿಯೊಳಗೆ ಎರಡು ಬೇರೆ ಬೇರೆ ವಿಮೆಗಳಿವೆ. ಒಂದು ಥರ್ಡ್ ಪಾರ್ಟಿ. ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಸಾವು, ಗಾಯ, ಆಸ್ತಿ ನಷ್ಟಕ್ಕೆ ಇದು. ಇನ್ನೊಂದು ಓನ್ ಡ್ಯಾಮೇಜ್. ನಮ್ಮ ಕಾರಿಗೇ ಆಗುವ ನಷ್ಟ, ಕಳ್ಳತನ, ಬೆಂಕಿ, ನೆರೆ ಇವುಗಳಿಗೆ. ಎರಡೂ ಸೇರಿದರೆ ಅದನ್ನು ಕಾಂಪ್ರಹೆನ್ಸಿವ್ ಅಥವಾ ಪ್ಯಾಕೇಜ್ ಪಾಲಿಸಿ ಎನ್ನುತ್ತಾರೆ.

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಥರ್ಡ್ ಪಾರ್ಟಿ ಕಡ್ಡಾಯ. ಇಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿದರೆ 4,000 ರೂಪಾಯಿ ದಂಡ. ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಓನ್ ಡ್ಯಾಮೇಜ್ ಕಡ್ಡಾಯವಲ್ಲ, ಅದು ನಮ್ಮ ಇಷ್ಟ.

ಥರ್ಡ್ ಪಾರ್ಟಿಯ ದರವನ್ನು ಕಂಪನಿ ನಿಗದಿ ಮಾಡುವುದಿಲ್ಲ, ಕೇಂದ್ರ ಸರ್ಕಾರ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರ ಹೀಗಿದೆ: 1000 ಸಿ.ಸಿ. ವರೆಗಿನ ಕಾರಿಗೆ 2,094 ರೂಪಾಯಿ. 1000ದಿಂದ 1500 ಸಿ.ಸಿ. ವರೆಗೆ 3,416, ಅದಕ್ಕಿಂತ ದೊಡ್ಡದಕ್ಕೆ 7,897. ಇದರ ಮೇಲೆ ಶೇ. 18 ಜಿ.ಎಸ್.ಟಿ. ಕಾರು ಹದಿನಾಲ್ಕು ವರ್ಷದ್ದಾದರೂ ವರ್ಷದ ದರ ಅಷ್ಟೇ. ಹಾಗಾಗಿ "ನಿಮ್ಮ ಗಾಡಿ ಹಳತಾಯಿತು, ಥರ್ಡ್ ಪಾರ್ಟಿಗೆ ಜಾಸ್ತಿಯಾಗುತ್ತದೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದರಲ್ಲಿ ಯಾವ ಕಂಪನಿಗೆ ಹೋದರೂ ಅಗ್ಗ-ತುಟ್ಟಿ ಇಲ್ಲ. ಚೌಕಾಸಿ ಮಾಡಬೇಕಾದದ್ದು ಓನ್ ಡ್ಯಾಮೇಜ್ ಭಾಗದಲ್ಲಿ ಮಾತ್ರ.

ಈ ಥರ್ಡ್ ಪಾರ್ಟಿಯನ್ನು ಪೊಲೀಸರ ಭಯಕ್ಕೆ ಕಟ್ಟುವ ದುಡ್ಡು ಎಂದು ತಿಳಿಯಬೇಡಿ. ಬೇರೆಯವರ ಆಸ್ತಿ ನಷ್ಟಕ್ಕೆ 7.5 ಲಕ್ಷ ರೂಪಾಯಿಯ ಮಿತಿ ಇದೆ. ಆದರೆ ಸಾವು, ಗಾಯಕ್ಕೆ ಮಿತಿಯೇ ಇಲ್ಲ. ಅಪಘಾತ ಪರಿಹಾರ ನ್ಯಾಯಮಂಡಳಿ ಎಷ್ಟು ಹೇಳುತ್ತದೋ ಅಷ್ಟು. ಮೂವತ್ತೈದು ವರ್ಷದ, ಒಳ್ಳೆಯ ಸಂಬಳದ ಒಬ್ಬ ವ್ಯಕ್ತಿ ತೀರಿಕೊಂಡರೆ ಅವನ ಸಂಬಳ, ವಯಸ್ಸು, ಅವನನ್ನು ನಂಬಿದವರು ಎಷ್ಟು ಜನ ಎಂದು ಲೆಕ್ಕ ಹಾಕಿ ಪರಿಹಾರ ನಿಗದಿಯಾಗುತ್ತದೆ. ಅದು ಕೋಟಿ ದಾಟುವುದೂ ಉಂಟು. ವಿಮೆ ಇಲ್ಲದಿದ್ದರೆ ಅದನ್ನು ಕೊಡಬೇಕಾದವರು ಕಾರಿನ ಮಾಲೀಕರು. ಲಕ್ಷ ರೂಪಾಯಿ ಬಾಳದ ಕಾರು ಕಷ್ಟಪಟ್ಟು ಮಾಡಿದ ಮನೆಯನ್ನೇ ನುಂಗಬಹುದು. ಡಿಕ್ಕಿಯ ಮುಂದೆ ಹಳೆ ಕಾರು, ಹೊಸ ಕಾರು ಎಂಬ ಭೇದವಿಲ್ಲ.

ಈಗ ಓನ್ ಡ್ಯಾಮೇಜ್ ಬೇಕೇ ಬೇಡವೇ ನೋಡೋಣ. ಇದರ ಬೇರು ಐ.ಡಿ.ವಿ. ಎಂಬ ಮೂರಕ್ಷರದಲ್ಲಿದೆ. ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತ ಅದು. ಐದು ವರ್ಷದವರೆಗೆ ಇದಕ್ಕೆ ಸಿದ್ಧ ಪಟ್ಟಿ ಇದೆ. ಐದನೇ ವರ್ಷಕ್ಕೆ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಐದು ದಾಟಿದ ಮೇಲೆ ಪಟ್ಟಿ ಇಲ್ಲ. ನಾವೂ ಕಂಪನಿಯೂ ಒಪ್ಪಿದ ಬೆಲೆ. ಅಂದರೆ ಹಳೆ ಕಾರಿನವರಿಗೆ ಮಾತಾಡುವ ಹಕ್ಕು ಇದೆ. ಎಷ್ಟೋ ಜನ ಅದನ್ನು ಬಳಸುವುದಿಲ್ಲ.

ಒಂದು ಉದಾಹರಣೆ. 1200 ಸಿ.ಸಿ.ಯ ಹನ್ನೆರಡು ವರ್ಷದ ಕಾರು, ಐ.ಡಿ.ವಿ. 1,20,000 ರೂಪಾಯಿ. ಹಳೆಯ ದರಪಟ್ಟಿಯನ್ನು ಆಧಾರವಾಗಿ ಹಿಡಿದರೆ ಓನ್ ಡ್ಯಾಮೇಜ್ ಪ್ರೀಮಿಯಂ ಸುಮಾರು ಶೇ. 3.5, ಅಂದರೆ 4,200 ರೂಪಾಯಿ. ಕಂಪನಿಗಳು ಇದರ ಮೇಲೆ ರಿಯಾಯಿತಿ ಕೊಡುತ್ತವೆ, ಅದನ್ನು ಸದ್ಯ ಬಿಡೋಣ. ಐದು ವರ್ಷ ಕ್ಲೇಮ್ ಮಾಡದಿದ್ದರೆ ನೋ ಕ್ಲೇಮ್ ಬೋನಸ್ ಶೇ. 50; ಉಳಿದದ್ದು 2,100. ಜಿ.ಎಸ್.ಟಿ. ಸೇರಿ 2,478. ಥರ್ಡ್ ಪಾರ್ಟಿ 3,416ಕ್ಕೆ ಜಿ.ಎಸ್.ಟಿ. ಸೇರಿ 4,031. ಒಟ್ಟು 6,509. ಅಂದರೆ ಬರೀ ಥರ್ಡ್ ಪಾರ್ಟಿಗೂ ಪೂರ್ತಿ ಪಾಲಿಸಿಗೂ ಇರುವ ವ್ಯತ್ಯಾಸ ವರ್ಷಕ್ಕೆ ಎರಡೂವರೆ ಸಾವಿರ. ಇದನ್ನು ಉಳಿಸಬೇಕೇ ಎಂಬುದೇ ನಿಜವಾದ ಪ್ರಶ್ನೆ.

ಉಳಿಸಿ ಎನ್ನುವವರ ವಾದದಲ್ಲಿ ಹುರುಳಿದೆ. ಹಳೆ ಕಾರಿಗೆ ಕ್ಲೇಮ್ ಪೂರ್ತಿ ಸಿಗುವುದಿಲ್ಲ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ ಇವಕ್ಕೆ ಯಾವ ವಯಸ್ಸಿನ ಕಾರಾದರೂ ಅರ್ಧ ಕಡಿತ. ಲೋಹದ ಭಾಗಗಳಿಗೆ ಐದರಿಂದ ಹತ್ತು ವರ್ಷದವರೆಗೆ ಶೇ. 40, ಹತ್ತು ದಾಟಿದರೆ ಶೇ. 50. ಗಾಜಿಗೆ ಮಾತ್ರ ಕಡಿತವಿಲ್ಲ. ಬಂಪರ್ 8,000, ಬಾಗಿಲು 12,000, ಕೂಲಿ 5,000, ಒಟ್ಟು 25,000 ರೂಪಾಯಿಯ ಬಿಲ್ ಆಯಿತೆನ್ನಿ. ಕಂಪನಿ ಬಂಪರಿಗೆ 4,000, ಬಾಗಿಲಿಗೆ 6,000, ಕೂಲಿ 5,000 ಹಿಡಿದು, 1500 ಸಿ.ಸಿ. ವರೆಗಿನ ಕಾರಿಗೆ ಕಡ್ಡಾಯವಾಗಿ ಮುರಿಯುವ 1,000 ಕಳೆದು 14,000 ಕೊಡುತ್ತದೆ. ಹನ್ನೊಂದು ಸಾವಿರ ನಮ್ಮ ಕೈಯಿಂದ. ಕಡಿತವಿಲ್ಲದ 'ಝೀರೋ ಡೆಪ್' ಸೌಲಭ್ಯ ಸಾಮಾನ್ಯವಾಗಿ ಐದಾರು ವರ್ಷ ದಾಟಿದ ಕಾರಿಗೆ ಸಿಗುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು, ಒಂದು ಕ್ಲೇಮ್ ಮಾಡಿದರೆ ಬೋನಸ್ ಸೊನ್ನೆಗೆ ಇಳಿಯುತ್ತದೆ. ಮತ್ತೆ 20, 25, 35, 45, 50 ಎಂದು ಮೆಟ್ಟಿಲು ಹತ್ತಬೇಕು. ನಮ್ಮ ಉದಾಹರಣೆಯಲ್ಲಿ ಮುಂದಿನ ಐದು ವರ್ಷದಲ್ಲಿ ಹೆಚ್ಚು ಕಟ್ಟಬೇಕಾದದ್ದು 2,100, 1,260, 1,050, 630, 210. ಒಟ್ಟು 5,250, ಜಿ.ಎಸ್.ಟಿ. ಸೇರಿ ಸುಮಾರು 6,200. ಕಾರಿನ ಬೆಲೆ ಇಳಿದಂತೆ ಇದು ಸ್ವಲ್ಪ ಕಡಿಮೆಯಾಗಬಹುದು. ಹಾಗಾಗಿ ಇಂಥ ಕಾರಿಗೆ ಕೈಗೆ ಐದಾರು ಸಾವಿರ ಸಿಗುವ ಕ್ಲೇಮ್ ಮಾಡಿದರೆ ಲಾಭವಿಲ್ಲ. ಗ್ಯಾರೇಜಿನವನು "ಇನ್ಶೂರೆನ್ಸ್ ಇದೆಯಲ್ಲ, ಹಾಕಿಬಿಡೋಣ ಮೇಡಂ" ಎಂದ ಕೂಡಲೇ ಸಹಿ ಮಾಡಬೇಡಿ. ನಿಮ್ಮ ಕೈಗೆ ನಿಜಕ್ಕೂ ಎಷ್ಟು ಬರುತ್ತದೆ ಎಂದು ಮೊದಲು ಕೇಳಿ.

ಹಾಗಾದರೆ ಬರೀ ಥರ್ಡ್ ಪಾರ್ಟಿ ಸಾಕೇ? ನಿರ್ಧರಿಸುವ ಮುನ್ನ ಎರಡು ವಿಷಯ ಯೋಚಿಸಿ.

ಮೊದಲನೆಯದು ಮಳೆ. 2005ರ ಜುಲೈ 26ನ್ನು ಇಲ್ಲಿ ಕೂತವರು ಯಾರೂ ಮರೆತಿಲ್ಲ. ಒಂದೇ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ. ಚೆನ್ನೈಯವರಿಗೆ 2015ರ ಡಿಸೆಂಬರ್, ಹೈದರಾಬಾದಿನವರಿಗೆ 2020ರ ಅಕ್ಟೋಬರ್ ಹಾಗೆಯೇ. ಬರೀ ಥರ್ಡ್ ಪಾರ್ಟಿ ಇದ್ದವರಿಗೆ ನೆರೆಯಲ್ಲಿ ಒಂದು ಪೈಸೆಯೂ ಸಿಗುವುದಿಲ್ಲ. ನಿಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಪ್ರತಿ ಮಳೆಗಾಲ ನೀರು ನಿಲ್ಲುತ್ತದೆಯೇ, ಕಾರು ರಾತ್ರಿ ರಸ್ತೆಬದಿಯಲ್ಲಿ ನಿಲ್ಲುತ್ತದೆಯೇ, ಹಾಗಿದ್ದರೆ ಎರಡೂವರೆ ಸಾವಿರ ದುಬಾರಿಯಲ್ಲ. ಒಂದು ಎಚ್ಚರಿಕೆ: ಪೂರ್ತಿ ಪಾಲಿಸಿ ಇದ್ದರೂ ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ, ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವರ್ ಇಲ್ಲದವರಿಗೆ ಆ ಖರ್ಚನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ನೀರು ಹೊಕ್ಕ ಕಾರಿನ ಕೀಲಿ ತಿರುಗಿಸಲೇಬೇಡಿ. ಫೋಟೊ ತೆಗೆಯಿರಿ, ಕಂಪನಿಗೆ ಫೋನ್ ಮಾಡಿ, ಎಳೆಸಿಕೊಂಡು ಹೋಗಿ.

ಎರಡನೆಯದು ನಮ್ಮ ಕಾರಿನೊಳಗೆ ಕೂತವರು. ಇದು ಬಹಳ ಜನರಿಗೆ ಗೊತ್ತಿಲ್ಲ. ಬರೀ ಕಡ್ಡಾಯ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ, ನಮ್ಮ ಖಾಸಗಿ ವಾಹನದಲ್ಲಿ ಬಾಡಿಗೆ ಕೊಡದೆ ಕೂತ ಪ್ರಯಾಣಿಕರು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರ ತಿಲಕ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಪ್ಯಾಕೇಜ್ ಪಾಲಿಸಿಯಾದರೆ ಕಾರಿನೊಳಗಿನವರೂ ಬರುತ್ತಾರೆ ಎಂದು 2012ರ ಬಾಲಕೃಷ್ಣನ್ ಪ್ರಕರಣದಲ್ಲಿ ಸ್ಪಷ್ಟವಾಯಿತು. ರಜೆಯಲ್ಲಿ ಅಮ್ಮ, ಅತ್ತೆ, ಮಕ್ಕಳನ್ನೆಲ್ಲ ಕೂರಿಸಿಕೊಂಡು ಊರಿಗೆ ಹೋಗುವವರು ನಾವು. ಹಾಗಾಗಿ ಕಾರಿನ ಬೆಲೆ ಮಾತ್ರ ನೋಡಿ ನಿರ್ಧರಿಸಬೇಡಿ. ಬರೀ ಥರ್ಡ್ ಪಾರ್ಟಿಯೇ ಸಾಕು ಎನ್ನುವವರು ಕೆಲವು ನೂರು ರೂಪಾಯಿ ಹೆಚ್ಚು ಕೊಟ್ಟು ಪ್ರಯಾಣಿಕರ ಅಪಘಾತ ವಿಮೆಯನ್ನಾದರೂ ಸೇರಿಸಿಕೊಳ್ಳಿ. ಸಂಬಳದ ಡ್ರೈವರ್ ಇದ್ದರೆ ಅವನ ಕವರ್ ಸೇರಿಸಲು ಮರೆಯಬೇಡಿ. ಅದು ಬಹಳ ಕಡಿಮೆ ಮೊತ್ತ.

ನನ್ನ ಅಭಿಪ್ರಾಯ ಕೇಳಿದರೆ, ಕಾರಿನ ಬೆಲೆ ಐವತ್ತು-ಅರವತ್ತು ಸಾವಿರಕ್ಕೆ ಇಳಿದಿದ್ದು, ಕಟ್ಟಡದೊಳಗೆ ಸುರಕ್ಷಿತವಾಗಿ ನಿಲ್ಲುತ್ತಿದ್ದು, ತರಕಾರಿ ಮಾರುಕಟ್ಟೆ, ದೇವಸ್ಥಾನಕ್ಕಷ್ಟೇ ಹೋಗುವುದಾದರೆ ಥರ್ಡ್ ಪಾರ್ಟಿ ಜೊತೆಗೆ ಪ್ರಯಾಣಿಕರ ಕವರ್ ಸಾಕು. ಲಕ್ಷಕ್ಕಿಂತ ಮೇಲಿದ್ದು ಹೆದ್ದಾರಿಯಲ್ಲಿ ಓಡುವ ಕಾರಿಗೆ ಪೂರ್ತಿ ಪಾಲಿಸಿಯೇ ವಾಸಿ.

ಇನ್ನು ಖರ್ಚು ಕಡಿಮೆ ಮಾಡುವ ದಾರಿಗಳು.

ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ 15 ಲಕ್ಷದ್ದು ಕಡ್ಡಾಯ. ಆದರೆ ನಿಮಗೆ ಬೇರೆ ಕಡೆ ಅಷ್ಟೇ ಮೊತ್ತದ ಅಪಘಾತ ವಿಮೆ ಇದ್ದರೆ ಮತ್ತೆ ಬೇಕಿಲ್ಲ. ಎರಡು ಗಾಡಿ ಇದ್ದರೂ ಒಂದೇ ಸಾಕು. ಕಾರು ನಿಮ್ಮ ಹೆಸರಿನಲ್ಲಿದ್ದು ನಿಮ್ಮಲ್ಲಿ ಡ್ರೈವಿಂಗ್ ಲೈಸೆನ್ಸ್ ಇಲ್ಲದಿದ್ದರೆ ಇದು ನಿಮಗೆ ಅನ್ವಯಿಸುವುದೇ ಇಲ್ಲ. ಆದರೂ ಪ್ರತಿ ವರ್ಷ ಕಟ್ಟುತ್ತಿರುವ ಹೆಂಗಸರನ್ನು ನಾನು ಎಷ್ಟೋ ಕಂಡಿದ್ದೇನೆ. ಪಾಲಿಸಿಯಲ್ಲಿ ಈ ಸಾಲನ್ನು ಹುಡುಕಿ ನೋಡಿ.

ಕಾರು ತಿಂಗಳಿಗೆ ನಾಲ್ಕು ದಿನ ಮಾತ್ರ ಹೊರಗೆ ಬರುವುದಾದರೆ, ಓಡಿಸಿದಷ್ಟಕ್ಕೆ ಪ್ರೀಮಿಯಂ ಎಂಬ ವ್ಯವಸ್ಥೆಗೆ ವಿಮಾ ನಿಯಂತ್ರಣ ಪ್ರಾಧಿಕಾರ 2022ರ ಜುಲೈಯಲ್ಲಿ ಅನುಮತಿ ಕೊಟ್ಟಿದೆ. ನಿಮ್ಮ ಕಾರಿನ ವಯಸ್ಸಿಗೆ ಸಿಗುತ್ತದೆಯೇ ಎಂದು ಕೇಳಿ. ಸಣ್ಣ ನಷ್ಟವನ್ನು ನಾವೇ ಭರಿಸುತ್ತೇವೆ ಎಂದು ಒಪ್ಪಿಕೊಂಡರೂ ಪ್ರೀಮಿಯಂ ಇಳಿಯುತ್ತದೆ. ಹೇಗೂ ಸಣ್ಣ ಕ್ಲೇಮ್ ಮಾಡದವರಿಗೆ ಇದು ಅನುಕೂಲ.

ಮೂರು ಕಂಪನಿಗಳ ದರ ಕೇಳಿ, ಆದರೆ ಒಂದೇ ಐ.ಡಿ.ವಿ. ಇಟ್ಟು ಕೇಳಿ. ಪ್ರೀಮಿಯಂ ಕಡಿಮೆ ತೋರಿಸಲು ಐ.ಡಿ.ವಿ.ಯನ್ನು ಇಳಿಸುವುದು ಹಳೇ ತಂತ್ರ. ನಮ್ಮ ಉದಾಹರಣೆಯಲ್ಲಿ 20,000 ಇಳಿಸಿದರೆ ಉಳಿಯುವುದು ವರ್ಷಕ್ಕೆ 413 ರೂಪಾಯಿ. ಕಾರು ಕಳುವಾದರೆ ಹೋಗುವುದು ಇಪ್ಪತ್ತು ಸಾವಿರ. ರಿಪೇರಿ ಖರ್ಚು ಐ.ಡಿ.ವಿ.ಯ ಶೇ. 75 ದಾಟಿದರೆ ಕಾರನ್ನು ಪೂರ್ತಿ ನಷ್ಟ ಎಂದು ಲೆಕ್ಕ ಹಾಕುತ್ತಾರೆ ಎಂಬುದೂ ನೆನಪಿರಲಿ.

ಬೋನಸ್ ಕಾರಿನದ್ದಲ್ಲ, ಮಾಲೀಕರದ್ದು. ಕಾರು ಮಾರಿದರೆ ಸರ್ಟಿಫಿಕೇಟ್ ತೆಗೆದುಕೊಳ್ಳಿ, ಮೂರು ವರ್ಷದೊಳಗೆ ಬೇರೆ ಕಾರಿಗೆ ಬಳಸಬಹುದು. ಪಾಲಿಸಿ ಮುಗಿದು 90 ದಿನ ದಾಟಿದರೆ ಮಾತ್ರ ಬೋನಸ್ ಹೋಯಿತು. ಕ್ಲೇಮ್ ಮಾಡಿದ್ದರೂ ಇಲ್ಲ ಎಂದು ಬರೆಸಿ ಬೋನಸ್ ಪಡೆಯಬೇಡಿ. ಆಮೇಲೆ ದೊಡ್ಡ ಕ್ಲೇಮ್ ಬಂದಾಗ ಅದೇ ಕುತ್ತಾಗುತ್ತದೆ. ಹೊರಗಿನಿಂದ ಸಿ.ಎನ್.ಜಿ. ಕಿಟ್ ಹಾಕಿಸಿದ್ದರೆ ಆರ್.ಸಿ.ಯಲ್ಲೂ ಪಾಲಿಸಿಯಲ್ಲೂ ಬರೆಸಿ.

ಊರಿನಿಂದ ಅಪ್ಪನ ಕಾರು ತಂದವರಿಗೆ ಒಂದು ಮಾತು. ಕರ್ನಾಟಕದ ನಂಬರಿನ ಕಾರಿನ ವಿಮೆ ಇಡೀ ದೇಶಕ್ಕೆ ನಡೆಯುತ್ತದೆ. ಆದರೆ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟರೆ ಇಲ್ಲಿ ಮರುನೋಂದಣಿ ಮಾಡಿಸಬೇಕು, ಆಗ ಪಾಲಿಸಿಯಲ್ಲೂ ನಂಬರು, ವಿಳಾಸ ಬದಲಿಸಬೇಕು. 15 ವರ್ಷ ತುಂಬಿದ ಕಾರಿನ ಆರ್.ಸಿ. ನವೀಕರಣವನ್ನೂ ಮರೆಯಬೇಡಿ. ದೆಹಲಿಯಲ್ಲಿ ಹಳೆ ವಾಹನಗಳ ನಿಯಮವೇ ಬೇರೆ. ಅಲ್ಲಿಯ ಬಂಧುಗಳು ಪಾಲಿಸಿಗೆ ದುಡ್ಡು ಕಟ್ಟುವ ಮೊದಲು ಅದನ್ನು ವಿಚಾರಿಸಿಕೊಳ್ಳಲಿ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ಮಾತು. ಹೇಳಲು ಹಿತವಲ್ಲ, ಆದರೂ ಹೇಳಲೇಬೇಕು.

ನಾನು ಕೆಲಸದಲ್ಲಿದ್ದಾಗ ಒಬ್ಬ ತಾಯಿ ಬಂದಿದ್ದರು. ಯಜಮಾನರು ತೀರಿಕೊಂಡು ಏಳು ತಿಂಗಳಾಗಿತ್ತು. ಕಾರು ಅವರ ಹೆಸರಲ್ಲೇ ಇತ್ತು, ಮಗ ಓಡಿಸುತ್ತಿದ್ದ. ರಾತ್ರಿ ಕಾರು ಕಳುವಾಯಿತು. ಪಾಲಿಸಿಯ ಕಾಗದದಲ್ಲಿ ಇನ್ನೂ ಎರಡು ತಿಂಗಳ ಅವಧಿ ಇತ್ತು, ಪ್ರೀಮಿಯಂ ಕಟ್ಟಿದ್ದೂ ನಿಜ. ಆದರೆ ಪಾಲಿಸಿಯ ಷರತ್ತು ಬೇರೆ ಹೇಳುತ್ತದೆ: ವಿಮೆ ಮಾಡಿಸಿದವರು ತೀರಿಕೊಂಡರೆ ಪಾಲಿಸಿ ಆ ದಿನದಿಂದ ಮೂರು ತಿಂಗಳು, ಅಥವಾ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ. ಅಷ್ಟರೊಳಗೆ ವಾರಸುದಾರರು ಹೆಸರು ಬದಲಿಸಿಕೊಳ್ಳಬೇಕು. ಕ್ಲೇಮ್ ಸಿಗಲಿಲ್ಲ. ಆ ತಾಯಿ ಜಗಳವಾಡಲಿಲ್ಲ, "ಯಾರೂ ನಮಗೆ ಹೇಳಲಿಲ್ಲ" ಎಂದಷ್ಟೇ ಹೇಳಿ ಕಾಗದಗಳನ್ನು ಚೀಲಕ್ಕೆ ತುಂಬಿಕೊಂಡು ಹೋದರು. ಅವರ ಆ ಮಾತಿಗಾಗಿಯೇ ನಾನು ಇದನ್ನು ಎಲ್ಲ ಕಡೆ ಹೇಳುತ್ತಿದ್ದೇನೆ.

ಅಂಥ ಹೊತ್ತಿನಲ್ಲಿ ಕಾರಿನ ಕಾಗದ ಯಾರಿಗೆ ನೆನಪಾಗುತ್ತದೆ? ಆದ್ದರಿಂದ ಈಗಲೇ ತಿಳಿದಿರಲಿ. 30 ದಿನದೊಳಗೆ ಆರ್.ಟಿ.ಒ.ಗೆ ತಿಳಿಸಬೇಕು. ಮೂರು ತಿಂಗಳೊಳಗೆ ಫಾರಂ 31 ಕೊಟ್ಟು ಆರ್.ಸಿ. ಬದಲಿಸಲು ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ಆರ್.ಸಿ., ಪಾಲಿಸಿ ಹಿಡಿದು ವಿಮಾ ಕಂಪನಿಗೂ ಅರ್ಜಿ ಕೊಡಬೇಕು. ಅವರು ಗಳಿಸಿದ ನೋ ಕ್ಲೇಮ್ ಬೋನಸ್ ಕಾರನ್ನು ಪಡೆಯುವ ಹೆಂಡತಿಗೆ, ಮಕ್ಕಳಿಗೆ ಅಥವಾ ತಂದೆತಾಯಿಗೆ ಬರುತ್ತದೆ. ಅದನ್ನು ಕೇಳಿ ಪಡೆಯಿರಿ. ನೆರೆಹೊರೆಯಲ್ಲಿ ಇಂಥ ದುಃಖವಾದಾಗ ಹದಿಮೂರನೇ ದಿನದ ಕಾರ್ಯ ಮುಗಿದ ಮೇಲೆ ಮೆಲ್ಲಗೆ ಇದನ್ನು ನೆನಪಿಸುವುದು ಕೂಡ ಒಂದು ಸೇವೆಯೇ.

ಮಾರುವಾಗಲೂ ಹಾಗೆಯೇ. ಹಳೆ ಕಾರನ್ನು ಪರಿಚಯದವರಿಗೆ ಕೊಟ್ಟು, "ಹೆಸರು ಆಮೇಲೆ ಬದಲಿಸಿಕೊಳ್ಳಿ" ಎಂದು ಬಿಡುತ್ತೇವೆ. ಆರ್.ಟಿ.ಒ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ಕಾರು ಹಲವು ಕೈ ಬದಲಾಗಿತ್ತು, ಹೊಣೆ ಬಂದದ್ದು ಕಾಗದದಲ್ಲಿದ್ದವರ ತಲೆಗೆ. ವರ್ಗಾವಣೆಯ ರಸೀದಿ ಕೈಗೆ ಬರುವವರೆಗೆ ನಿಮ್ಮ ಕೆಲಸ ಮುಗಿದಿಲ್ಲ.

ಕಂಪನಿಯಿಂದ ಅನ್ಯಾಯವಾಯಿತು ಎನಿಸಿದರೆ ಮೊದಲು ಅವರ ದೂರು ವಿಭಾಗಕ್ಕೆ ಬರೆದು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ವಿಮಾ ಲೋಕಪಾಲರ ಬಳಿ ಹೋಗಬಹುದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲ ಕಡೆ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರೂ ಬೇಡ. ಪ್ರಾಧಿಕಾರದ ಸಹಾಯವಾಣಿ 155255. ಏಜೆಂಟ್ ಕೊಟ್ಟ ಪಾಲಿಸಿ ಅಸಲಿಯೋ ಎಂದು ಎಂ-ಪರಿವಾಹನ್ ಆ್ಯಪ್‌ನಲ್ಲಿ ಕಾರಿನ ನಂಬರು ಹಾಕಿ ನೋಡಿ. ತೀರಾ ಅಗ್ಗಕ್ಕೆ ಸಿಕ್ಕಿದ ಪಾಲಿಸಿಯಾದರೆ ಖಂಡಿತ ನೋಡಿ.

ಇವತ್ತು ಮನೆಗೆ ಹೋದ ಮೇಲೆ ಪಾಲಿಸಿ ತೆಗೆದು ಐದು ಸಾಲು ಓದಿ: ಯಾರ ಹೆಸರು, ಯಾವಾಗ ಮುಗಿಯುತ್ತದೆ, ಐ.ಡಿ.ವಿ. ಎಷ್ಟು, ಬೋನಸ್ ಎಷ್ಟು, ಕೂತವರಿಗೆ ಕವರ್ ಇದೆಯೇ. ಅರ್ಥವಾಗದಿದ್ದರೆ ಮುಂದಿನ ಸಭೆಗೆ ತನ್ನಿ, ಕೂತು ನೋಡೋಣ.